ಕ್ವಿಬೆಕ್‌ನಲ್ಲಿ ರೂಮು ಹುಡುಕುವಾಗ ದೂರ ನೋಡಬೇಡಿ, ಏರು ನೋಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಕೆನಡಾದ ಕ್ವಿಬೆಕ್ ನಗರದ ಮೇಲೆ ಬಂದ ಲೇಖನ ಓದಿದೆ. ನದಿ, ಹಿಮ, ಕಲ್ಲುಹಾಸಿನ ಬೀದಿ ಎಲ್ಲ ಇತ್ತು. ರಾತ್ರಿ ಎಲ್ಲಿ ಉಳಿಯಬೇಕು ಎಂಬುದು ಮಾತ್ರ ಇರಲಿಲ್ಲ. ಚಿತ್ರದ ಕೆಳಗೆ ‘ಹಳೆಯ ಕೋಟೆ’ ಎಂದು ಅಚ್ಚಾಗಿರುವ ಕಟ್ಟಡವೂ ಕೋಟೆಯಲ್ಲ, ಶಾತೋ ಫ್ರಾಂತೆನಾಕ್ ಎಂಬ ಹೋಟೆಲು. ಕೆನಡಿಯನ್ ಪೆಸಿಫಿಕ್ ರೈಲ್ವೆಯವರು 1893ರಲ್ಲಿ ಅದನ್ನು ತೆರೆದದ್ದೇ ದುಡ್ಡಿರುವ ಪ್ರಯಾಣಿಕರಿಗೆಂದು; ಬಾಡಿಗೆ ಇವತ್ತಿಗೂ ಅದೇ ಜನಕ್ಕೆ ತಕ್ಕಂತಿದೆ. ನಿಜವಾದ ಕೋಟೆಗೋಡೆ ಬೇರೆ. ಸುಮಾರು 4.6 ಕಿಲೋಮೀಟರ್ ಉದ್ದದ ಆ ಗೋಡೆ ಹಳೆಯ ಊರಿನ ಮೇಲ್ಭಾಗವನ್ನು ಸುತ್ತಿಕೊಂಡಿದೆ. 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಈ ಹಳೆಯ ಕ್ವಿಬೆಕ್.

ಟೊರಾಂಟೊ, ಮಾಂಟ್ರಿಯಲ್ ಕಡೆ ಮಗನೋ ಮಗಳೋ ಇರುವ ಮನೆಗಳು ತುಮಕೂರಿನಲ್ಲಿ ಈಗ ಕಡಿಮೆಯೇನಿಲ್ಲ. ಅಪ್ಪ ಅಮ್ಮ ಬಂದಾಗ ಮಕ್ಕಳು ಮೂರು ದಿನಕ್ಕೆಂದು ಕರೆದುಕೊಂಡು ಹೋಗುವ ಊರು ಇದು. ಆದ್ದರಿಂದ ಲೇಖನ ಬಿಟ್ಟ ಭಾಗವನ್ನು ತುಂಬಲು ಈ ಪತ್ರ. ಶಾತೋದಲ್ಲೇ ಇಳಿದುಕೊಳ್ಳುವವರಿಗೆ ಇದು ಬೇಡ, ಬಂಕ್ ಮಂಚದಲ್ಲಿ ಮಲಗಬಲ್ಲ ಹುಡುಗರಿಗೂ ಬೇಡ. ನಡುವಿನವರಿಗೆ.

ಊರಿನ ಗುಟ್ಟೆಲ್ಲ ಅದರ ಏರಿನಲ್ಲಿದೆ. 1608ರಲ್ಲಿ ಫ್ರೆಂಚ್ ಅನ್ವೇಷಕ ಶಾಂಪ್ಲೇನ್ ಊರು ಹೂಡಿದ್ದು ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ. ವ್ಯಾಪಾರ ಕೆಳಗೇ ಉಳಿಯಿತು. ಆಡಳಿತ, ಸೈನ್ಯ, ಕ್ರೈಸ್ತ ಮಠಗಳು ಬಂಡೆಯ ಮೇಲೇರಿದವು. ಅಲ್ಲಿನವರ ಫ್ರೆಂಚ್ ಮಾತಿನಲ್ಲಿ ಕೆಳಗಿನದು ಬಾಸ್-ವಿಲ್, ಮೇಲಿನದು ಓತ್-ವಿಲ್. ಬುಕಿಂಗ್ ಆ್ಯಪ್‌ನ ನಕ್ಷೆಗೆ ಈ ಬಂಡೆ ಕಾಣುವುದಿಲ್ಲ. ‘ಶಾತೋದಿಂದ 300 ಮೀಟರ್’ ಎಂದು ತೋರಿಸುತ್ತದೆ, ಆ 300 ಮೀಟರ್ ನೆಟ್ಟಗೆ ನಿಂತಿದೆ ಎಂದು ಹೇಳುವುದಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ನೋಡಿದರೆ ದೇವರಾಯನದುರ್ಗದ ಭೋಗಾನರಸಿಂಹನ ಗುಡಿಯಿಂದ ಯೋಗಾನರಸಿಂಹನ ಗುಡಿ ಇನ್ನೇನು ಪಕ್ಕದಲ್ಲೇ ಇದೆ. ಮಂಡಿಯನ್ನು ಕೇಳಿದರೆ ಬೇರೆ ಲೆಕ್ಕ ಹೇಳುತ್ತದೆ. ಎರಡು ಊರುಗಳ ನಡುವೆ 59 ಮೆಟ್ಟಿಲಿನ ದಾರಿಯೊಂದಿದೆ, ಅದಕ್ಕೆ ಅಲ್ಲಿನವರು ಇಟ್ಟ ಹೆಸರೇ ಕತ್ತು ಮುರಿಯುವ ಮೆಟ್ಟಿಲು. 1879ರಿಂದ ಒಂದು ಫ್ಯುನಿಕ್ಯುಲರ್, ಅಂದರೆ ಬಂಡೆಯ ಇಳಿಜಾರಿನಲ್ಲಿ ಹಳಿಯ ಮೇಲೆ ಏರಿಳಿಯುವ ಡಬ್ಬಿಯೂ ಇದೆ. ದುರಸ್ತಿಗೆಂದು ಅದು ನಿಂತ ದಿನ ಮೆಟ್ಟಿಲು, ಇಲ್ಲವೇ ಟ್ಯಾಕ್ಸಿ.

ಮಂಡಿನೋವಿನವರು ಜೊತೆಗಿದ್ದರೆ ರೂಮು ಮೇಲಿನ ಊರಿನಲ್ಲೇ ಇರಲಿ: ಕೋಟೆಗೋಡೆಯೊಳಗೆ, ಅಥವಾ ಸೇಂಟ್ ಜಾನ್ ಬಾಗಿಲಿನಿಂದ ಸ್ವಲ್ಪ ಹೊರಗೆ. ನೋಡುವ ಸ್ಥಳಗಳಲ್ಲಿ ಹೆಚ್ಚಿನವು ಅದೇ ಮಟ್ಟದಲ್ಲಿವೆ. ಕೆಳಗಿನ ಪ್ಲಾಸ್ ರೊಯಾಲ್ ಮತ್ತು ಪೆತಿ ಶಾಂಪ್ಲೇನ್ ಬೀದಿಗೆ ಒಂದು ದಿನ ಹಗಲಿನಲ್ಲಿ ಇಳಿದು ಹತ್ತಿದರೆ ಸಾಕು. ಆದರೆ ರೈಲ್ವೆ ನಿಲ್ದಾಣ ಗಾರ್ ದ್ಯು ಪಲೇ ಇರುವುದು ಕೆಳಗೆ. ಅಲ್ಲಿಂದ ಕೋಟೆಯೊಳಕ್ಕೆ ಹೆಚ್ಚೆಂದರೆ ಒಂದು ಕಿಲೋಮೀಟರ್ ಎಂದುಕೊಂಡು ಎರಡೆರಡು ಸೂಟ್‌ಕೇಸ್ ಎಳೆದುಕೊಂಡು ಹೊರಟವರು ಕೋತ್ ದ್ಯು ಪಲೇ ಏರಿನ ಅರ್ಧಕ್ಕೇ ಕೂತುಬಿಡುತ್ತಾರೆ. ಆ ಒಂದು ಸಲ ಟ್ಯಾಕ್ಸಿಗೆ ಜಿಪುಣತನ ಮಾಡಬಾರದು.

ಮಂಡಿ ಗಟ್ಟಿಯಿದ್ದರೆ ನನ್ನ ಮತ ಕೆಳಗಿನ ಹಳೆಯ ಬಂದರಿಗೆ. ಸೇಂಟ್ ಪೌಲ್, ಸೇಂಟ್ ಪೀಟರ್ ಬೀದಿಗಳಲ್ಲಿ ಹಿಂದಿನ ಬ್ಯಾಂಕುಗಳು, ಗೋದಾಮುಗಳು ಹೋಟೆಲಾಗಿವೆ. ದೊಡ್ಡ ಕಟ್ಟಡಗಳಾದ್ದರಿಂದ ಲಿಫ್ಟ್ ಇರುವುದು ಹೆಚ್ಚು, ಸೂರು ಎತ್ತರ, ರಾತ್ರಿ ಗಲಾಟೆ ಕಡಿಮೆ. ಕೋಟೆಯೊಳಗಿನ ‘ಓಬೆರ್ಜ್’ಗಳು, ಅಂದರೆ ಚಿಕ್ಕ ವಸತಿಗೃಹಗಳು, ಹಾಗಲ್ಲ. ಅವು ಹಳೆಯ ಮನೆಗಳು: ಮೂರು ನಾಲ್ಕು ಅಂತಸ್ತು, ಕಿರಿದಾದ ಸುರುಳಿ ಮೆಟ್ಟಿಲು, ಲಿಫ್ಟಿಗೆ ಜಾಗವೇ ಇಲ್ಲ. ಸೌಲಭ್ಯಗಳ ಪಟ್ಟಿಯಲ್ಲಿ ‘ಅಸಾಂಸರ್’, ಅಂದರೆ ಲಿಫ್ಟ್, ಎಂಬ ಪದ ಇಲ್ಲದಿದ್ದರೆ ಲಿಫ್ಟ್ ಇಲ್ಲ ಎಂದೇ ತಿಳಿಯಿರಿ. ಬುಕ್ ಮಾಡುವಾಗ ಯಾವ ಅಂತಸ್ತು ಎಂದು ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.

ಗ್ರಾಂದ್ ಅಲೇ ರಸ್ತೆ ಅಗಲ, ಸಮತಟ್ಟು, ನೋಡಲು ಚಂದ. ಬಾರ್‌ಗಳೂ ಅಲ್ಲೇ. ಕ್ವಿಬೆಕ್ ಪ್ರಾಂತ್ಯದಲ್ಲಿ ಬಾರ್ ಬಾಗಿಲು ಹಾಕುವುದು ಬೆಳಗಿನ ಜಾವ 3ಕ್ಕೆ. ಅಲ್ಲಿ ಇಳಿದುಕೊಳ್ಳುವುದೇ ಆದರೆ ‘ಕೋತೆ ಕೂರ್’, ಅಂದರೆ ಹಿತ್ತಲ ಕಡೆಯ ರೂಮು ಕೇಳಿ. ಹಳೆಯ ಊರಿನಿಂದ ದೂರದ ಬಡಾವಣೆ ಸೇಂತ್ ಫ್ವಾದಲ್ಲಿ, ಬುಲೆವಾರ್ ಲೋರಿಯೇ ರಸ್ತೆ ಪಕ್ಕದ ಹೋಟೆಲುಗಳು ಹೊಸವು, ಲಿಫ್ಟ್ ಇದೆ, ಕಾರು ನಿಲ್ಲಿಸಲು ಜಾಗವಿದೆ, ಬಾಡಿಗೆ ಕಡಿಮೆ. ಆದರೆ ಹಳೆಯ ಊರಿಗೆ ಪ್ರತಿ ಸಲ 800 ಅಥವಾ 801 ನಂಬರಿನ ಬಸ್ಸು ಹತ್ತಬೇಕು. ಕಾರಿನಲ್ಲಿ ಬರುವವರು ಮೊದಲು ಒಂದು ಲೆಕ್ಕ ಹಾಕಲಿ. ಹಳೆಯ ಊರಿನಲ್ಲಿ ಪಾರ್ಕಿಂಗ್‌ಗೆ ಬೇರೆ ದುಡ್ಡು, ಅದೂ ಎಷ್ಟೋ ಸಲ ಹೋಟೆಲಿನಿಂದ ಎರಡು ಬೀದಿ ಆಚೆ. ಚಳಿಗಾಲದಲ್ಲಿ ರಸ್ತೆ ಬದಿಯ ದೀಪಗಳು ಮಿಣುಕತೊಡಗಿದರೆ ಆ ರಾತ್ರಿ ಹಿಮ ತೆಗೆಯುತ್ತಾರೆ ಎಂದರ್ಥ. ಅಲ್ಲಿ ಬಿಟ್ಟ ಕಾರನ್ನು ಎತ್ತಿಕೊಂಡು ಹೋಗುತ್ತಾರೆ, ದಂಡವೂ ಬೀಳುತ್ತದೆ.

ಇನ್ನು ಬಾಡಿಗೆ. ಪರದೆಯ ಮೇಲೆ ಕಾಣುವ ದರಕ್ಕೆ ತೆರಿಗೆ ಸೇರಿರುವುದಿಲ್ಲ. ಮೊದಲು ಶೇ 3.5 ವಸತಿ ತೆರಿಗೆ; ಅದನ್ನು ಕೂಡಿಸಿದ ಮೊತ್ತದ ಮೇಲೆ ಕೇಂದ್ರದ ಶೇ 5 ಮತ್ತು ಪ್ರಾಂತ್ಯದ ಶೇ 9.975. ರೂಮಿನ ದರ 200 ಡಾಲರ್ ಎಂದಿಟ್ಟುಕೊಳ್ಳಿ: ವಸತಿ ತೆರಿಗೆ 7 ಸೇರಿ 207, ಅದಕ್ಕೆ 10.35 ಮತ್ತು 20.65 ಸೇರಿ 238. ಶೇ 19 ಹೆಚ್ಚಾಯಿತು. ಮೂರು ರಾತ್ರಿಗೆ 600 ಎಂದುಕೊಂಡದ್ದು 714. ಕೆಲವು ತಾಣಗಳು ಅಮೆರಿಕನ್ ಡಾಲರಿನಲ್ಲಿ ದರ ತೋರಿಸುತ್ತವೆ, ಅದು ಕೆನಡಾ ಡಾಲರಿಗಿಂತ ಬಹಳ ತೂಕದ್ದು; ದರದ ಮುಂದಿನ ಚಿಹ್ನೆ ಯಾವುದೆಂದು ನೋಡದೆ ಎರಡು ಹೋಟೆಲ್ ಹೋಲಿಸುವುದು ಸೇರನ್ನೂ ಕಿಲೋವನ್ನೂ ಒಂದೇ ತಕ್ಕಡಿಗೆ ಹಾಕಿದಂತೆ. ಪಾವತಿಸುವಾಗ ಯಂತ್ರ ‘ರೂಪಾಯಿಯಲ್ಲಿ ಕೊಡುತ್ತೀರಾ’ ಎಂದು ಕೇಳಿದರೆ ಬೇಡವೆನ್ನಿ. ವಿನಿಮಯ ದರದಲ್ಲೇ ಅವರು ತಮ್ಮ ಪಾಲು ಇಟ್ಟುಕೊಂಡಿರುತ್ತಾರೆ.

ಇಬ್ಬರಿಗೆಂದು ಹಾಕಿದ ದರಕ್ಕೆ ಮೂರನೆಯವರು ಸೇರಿದರೆ ಹೆಚ್ಚುವರಿ ಕೊಡಬೇಕಾಗುತ್ತದೆ. ಅಲ್ಲಿನ ‘ಡಬಲ್’ ಮಂಚ 54 ಇಂಚು ಅಗಲ, ‘ಕ್ವೀನ್’ 60 ಇಂಚು. ಅಪ್ಪ, ಅಮ್ಮ, ಮಗಳು, ಅಳಿಯ ಒಂದೇ ರೂಮಿನಲ್ಲಿ ಎರಡು ಡಬಲ್ ಮಂಚದ ಮೇಲೆ ಮಲಗುವ ಯೋಜನೆ ಕಾಗದದ ಮೇಲೆ ಉಳಿತಾಯ. ಬೆಳಗ್ಗೆ ಎಲ್ಲರ ಮುಖ ನೋಡಬೇಕು.

ಅಗ್ಗದ ರೂಮಿನ ವಿವರಣೆಯಲ್ಲಿ ಎರಡು ಪದ ಹುಡುಕಿ. ‘ದೆಮಿ ಸೂ-ಸೋಲ್’ ಎಂದಿದ್ದರೆ ರೂಮು ಅರ್ಧ ನೆಲದೊಳಗಿದೆ. ಕಿಟಕಿ ಇರುವುದು ಸೂರಿನ ಹತ್ತಿರ, ಅದರಿಂದ ಕಾಣುವುದು ದಾರಿಹೋಕರ ಪಾದ. ‘ಪರ್ತಾಜೆ’ ಎಂದಿದ್ದರೆ ಬಚ್ಚಲು ಬೇರೆಯವರೊಂದಿಗೆ ಹಂಚಿಕೆ. ಇನ್ನೊಂದು ಪದ ನಮ್ಮವರನ್ನೇ ಹಾದಿ ತಪ್ಪಿಸುತ್ತದೆ, ಅದೂ ಅಲ್ಪಸ್ವಲ್ಪ ಫ್ರೆಂಚ್ ಕಲಿತವರನ್ನು. ಫ್ರಾನ್ಸಿನಲ್ಲಿ ‘ದೆಜ್ಯುನೆ’ ಅಂದರೆ ಮಧ್ಯಾಹ್ನದ ಊಟ. ಕ್ವಿಬೆಕ್‌ನಲ್ಲಿ ಅದೇ ಬೆಳಗಿನ ತಿಂಡಿ. ‘ದಿನೆ’ ಮಧ್ಯಾಹ್ನದ್ದು, ‘ಸೂಪೆ’ ರಾತ್ರಿಯದು. ‘ದೆಜ್ಯುನೆ ಸೇರಿದೆ’ ಎಂದು ಓದಿ ಮಧ್ಯಾಹ್ನ ಊಟ ಸಿಗುತ್ತದೆಂದು ಕಾಯುವುದು ಬೇಡ. ಮನೆ ಬಾಡಿಗೆಗೆ ಕೊಡುವ ಆ್ಯಪ್‌ಗಳಲ್ಲಿ ತೆಗೆದುಕೊಳ್ಳುವುದಾದರೆ ಜಾಹೀರಾತಿನಲ್ಲೇ ಸಿ.ಐ.ಟಿ.ಕ್ಯು. ಎಂಬ ಅಲ್ಲಿನ ಪ್ರವಾಸೋದ್ಯಮ ಸಂಸ್ಥೆ ಕೊಡುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆಯಿಲ್ಲದ ಮನೆಯನ್ನು ಪ್ರವಾಸಿಗರಿಗೆ ಕೊಡುವಂತಿಲ್ಲ. ಕೊನೇ ಗಳಿಗೆಯಲ್ಲಿ ಜಾಹೀರಾತು ತೆಗೆದುಹಾಕಿದರೆ ಬೀದಿಗೆ ಬರುವವರು ನೀವು.

ಯಾವಾಗ ಹೋಗಬೇಕು ಎಂಬುದರ ಮೇಲೂ ಬಾಡಿಗೆ ನಿಂತಿದೆ. ಜುಲೈ ಮೊದಲ ಭಾಗದಲ್ಲಿ 11 ದಿನದ ಬೇಸಿಗೆ ಸಂಗೀತೋತ್ಸವ. ಅದು ಮುಗಿಯುತ್ತಿದ್ದಂತೆ ತಿಂಗಳ ಕೊನೆಯ ಎರಡು ವಾರ ಆ ಪ್ರಾಂತ್ಯದ ಕಟ್ಟಡ ಕೆಲಸಗಾರರಿಗೆಲ್ಲ ಒಟ್ಟಿಗೇ ರಜೆ, ಅವರೂ ಸಂಸಾರ ಸಮೇತ ಹೊರಡುತ್ತಾರೆ. ಫೆಬ್ರುವರಿಯಲ್ಲಿ ಹಿಮದ ಕಾರ್ನಿವಲ್. ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಎಲೆಗಳು ಕೆಂಪಾಗುವ ಹೊತ್ತಿಗೆ ವಿಹಾರ ಹಡಗುಗಳು ದಡಕ್ಕೆ ಬಂದು ನಿಲ್ಲುತ್ತವೆ. ನವೆಂಬರ್ ಮತ್ತು ಏಪ್ರಿಲ್ ಅಗ್ಗ, ಆದರೆ ಹಸಿರೂ ಇಲ್ಲ, ಹಿಮವೂ ನೆಟ್ಟಗಿಲ್ಲ, ಬರೀ ಕೆಸರು. ನಮ್ಮ ಹವೆಗೆ ಒಗ್ಗಿದವರಿಗೆ ಜೂನ್ ಮೊದಲರ್ಧ ಒಳ್ಳೆಯದು, ಇಲ್ಲವೇ ಶಾಲೆ ಶುರುವಾಗುವ ಆಗಸ್ಟ್ ಕೊನೆಯ ವಾರ. ಭಾನುವಾರದಿಂದ ಗುರುವಾರದೊಳಗೆ ಹೊಂದಿಸಿಕೊಂಡರೆ ಇನ್ನೂ ಮಿಗುತ್ತದೆ. ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೆ. ಆಗ ಹೋದರೆ ಮೇಲೆ ಹೇಳಿದ ಏರುಗಳೆಲ್ಲ ಮಂಜುಗಡ್ಡೆ ಎಂಬುದನ್ನೂ ಸೇರಿಸಿ ಯೋಚಿಸಿ.

ವೀಸಾ ಬರುವ ಮೊದಲು ಮುಂಗಡ ಕಟ್ಟಿ ಕಳೆದುಕೊಳ್ಳುವವರಿದ್ದಾರೆ. ದುಡ್ಡು ವಾಪಸ್ ಸಿಗುವ ದರದಲ್ಲೇ ಬುಕ್ ಮಾಡಿ, ಅದು ಹತ್ತಿಪ್ಪತ್ತು ಡಾಲರ್ ಹೆಚ್ಚಾದರೂ ಸರಿ. ರದ್ದು ಮಾಡುವ ಗಡುವು ಅಲ್ಲಿನ ಗಡಿಯಾರದ ಪ್ರಕಾರ: ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಹೋಟೆಲಿನವರು ಬಂದಿಳಿದ ಕೂಡಲೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಭದ್ರತೆಗೆಂದು ಒಂದಷ್ಟು ಮೊತ್ತ ತಡೆಹಿಡಿಯುತ್ತಾರೆ. ಬ್ಯಾಂಕಿನಿಂದ ತುಂಬಿಸಿ ತಂದ ಫಾರೆಕ್ಸ್ ಕಾರ್ಡ್ ಕೊಟ್ಟರೆ ಆ ಹಣ ರೂಮು ಬಿಟ್ಟ ಮೇಲೂ ಹಲವು ದಿನ ಸಿಕ್ಕಿಕೊಂಡಿರುತ್ತದೆ, ಖರ್ಚಿಗೆ ಒದಗುವುದಿಲ್ಲ. ಭದ್ರತೆಗೆ ಮಕ್ಕಳ ಕ್ರೆಡಿಟ್ ಕಾರ್ಡ್, ಖರ್ಚಿಗೆ ಫಾರೆಕ್ಸ್. ಇನಿಷಿಯಲ್ ಹಚ್ಚಿದ ನಮ್ಮ ಹೆಸರುಗಳನ್ನು ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿರುವಂತೆಯೇ ಬುಕಿಂಗ್‌ನಲ್ಲೂ ಬರೆಯಿರಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಒಂದೇ ದಾರಿ: ‘ಕ್ವಿಜಿನೆತ್’, ಅಂದರೆ ಪುಟ್ಟ ಅಡುಗೆಕಟ್ಟೆ ಇರುವ ರೂಮು. ಅಲ್ಲಿನ ಹೆಸರಾಂತ ಪೂತಿನ್ ಬರೀ ಆಲೂಗೆಡ್ಡೆ, ಚೀಸು ಎಂದುಕೊಂಡು ತಿನ್ನುವವರಿದ್ದಾರೆ. ಮೇಲೆ ಸುರಿಯುವ ಗ್ರೇವಿ ಸಾಮಾನ್ಯವಾಗಿ ಕೋಳಿಯದೋ ದನದ್ದೋ. ಬಟಾಣಿ ಸೂಪಿಗೆ ಹಂದಿಮಾಂಸ ಬೀಳುತ್ತದೆ, ಬೇಯಿಸಿದ ಹುರುಳಿಕಾಯಿ ಬೀಜಕ್ಕೂ ಅದೇ. ‘ವೆಜಿತಾರಿಯೆನ್’ ಎಂದಷ್ಟೇ ಹೇಳಿದರೆ ಮೀನು ಬಂದೀತು. ‘ಸಾಂ ವ್ಯಾಂದ್, ಸಾಂ ಪ್ವಾಸೋಂ, ಸಾಂ ಬೂಯೋಂ ದ ವ್ಯಾಂದ್’, ಮಾಂಸ ಬೇಡ, ಮೀನು ಬೇಡ, ಮಾಂಸದ ಸಾರೂ ಬೇಡ ಎಂದು ಚೀಟಿಯಲ್ಲಿ ಬರೆದು ತೋರಿಸಿ. ಮೊಸರಿನ ಡಬ್ಬಿಯ ಹಿಂದೆ ‘ಜೆಲಾತಿನ್’ ಇದೆಯೇ ಎಂದೂ ಓದಿ.

ಇಲ್ಲಿಂದ ರೈಸ್ ಕುಕ್ಕರ್ ಒಯ್ಯಬೇಡಿ. ನಮ್ಮದು 230 ವೋಲ್ಟ್, ಅಲ್ಲಿನದು 120. ವೋಲ್ಟೇಜ್ ಅರ್ಧಕ್ಕಿಳಿದರೆ ಕಾವು ಕಾಲುಭಾಗಕ್ಕಿಳಿಯುತ್ತದೆ: 1,500 ವಾಟ್‌ನ ಕೆಟಲ್ ಅಲ್ಲಿ 400 ವಾಟ್‌ನದಾಗುತ್ತದೆ, ನೀರು ಬೆಚ್ಚಗಾಗುವಷ್ಟರಲ್ಲಿ ಹೊರಡುವ ಹೊತ್ತು. ಪ್ಲಗ್ ಬದಲಿಸುವ ಅಡಾಪ್ಟರ್‌ನಿಂದ ವೋಲ್ಟೇಜ್ ಬದಲಾಗುವುದಿಲ್ಲ. ಅಲ್ಲಿ ಕೊಂಡದ್ದನ್ನು ಊರಿಗೆ ತಂದು ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಮೊಬೈಲ್ ಚಾರ್ಜರ್‌ಗೆ ಈ ತೊಂದರೆಯಿಲ್ಲ. ಒಗ್ಗರಣೆ ಹಾಕುವ ಮೊದಲು ಒಲೆಯ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ. ಒಣಮೆಣಸಿನಕಾಯಿಯ ಘಾಟು ಹೊಗೆ ಪತ್ತೆಯ ಯಂತ್ರಕ್ಕೆ ಬೆಂಕಿಯಂತೆಯೇ ಕಾಣುತ್ತದೆ. ಅದು ಕೂಗಿಕೊಂಡರೆ ಇಡೀ ಕಟ್ಟಡ ರಸ್ತೆಗಿಳಿಯಬೇಕು. ಹೆಸರುಬೇಳೆ, ಸಾರಿನ ಪುಡಿ, ಮನೆಯಲ್ಲೇ ತುಪ್ಪದಲ್ಲಿ ಹುರಿದ ರವೆ ಇದ್ದರೆ ಘಾಟಿನ ಗೋಜೇ ಇಲ್ಲ.

ಬಚ್ಚಲಿನ ಮಾತು ಯಾರೂ ಬರೆಯುವುದಿಲ್ಲ. ಪೈಪಿನ ಸ್ಪ್ರೇ ಇರುವುದಿಲ್ಲ, ಪುಟ್ಟ ಪ್ಲಾಸ್ಟಿಕ್ ಚೊಂಬೊಂದು ಪೆಟ್ಟಿಗೆಯಲ್ಲಿರಲಿ. ನೆಲದಲ್ಲಿ ನೀರು ಹೋಗುವ ತೂತೂ ಇಲ್ಲ. ಸ್ನಾನ ಟಬ್ಬಿನೊಳಗೇ, ಪರದೆಯ ಅಂಚು ಟಬ್ಬಿನ ಒಳಕ್ಕೆ ಬಿದ್ದಿರಬೇಕು. ಹೊರಕ್ಕೆ ಬಿಟ್ಟರೆ ಹಳೆಯ ಮನೆಯ ಮರದ ಹಲಗೆಯ ನೆಲದಲ್ಲಿ ನೀರಿಳಿದು ಕೆಳಗಿನ ರೂಮಿನ ಸೂರು ತೊಟ್ಟಿಕ್ಕುತ್ತದೆ, ಬಿಲ್ಲು ನಿಮ್ಮ ಹೆಸರಿಗೆ ಬರುತ್ತದೆ. ನಲ್ಲಿಗಳ ಮೇಲೆ ‘ಸಿ’ ಮತ್ತು ‘ಎಫ್’ ಅಕ್ಷರಗಳಿದ್ದರೆ ‘ಸಿ’ ಇಂಗ್ಲಿಷಿನ ತಣ್ಣೀರಲ್ಲ, ಫ್ರೆಂಚಿನ ‘ಶೋ’, ಬಿಸಿನೀರು. ತಣ್ಣೀರಿನದು ‘ಎಫ್’. ವಯಸ್ಸಾದವರಿಗೆ ಇದನ್ನು ಮೊದಲ ರಾತ್ರಿಯೇ ಕೈ ಹಿಡಿದು ತೋರಿಸಿ.

ಇಂತಿ,
ತಮ್ಮ ಓದುಗ
ಎಸ್.ಎಸ್. ಪುರಂ, ತುಮಕೂರು