ನಮ್ಮ ಮನೆಯ ಕೆಳಗೆ ಸಮುದ್ರ ಇತ್ತಂತೆ

ಸಿಂಗಪುರ,
ಭಾನುವಾರ ಮಧ್ಯಾಹ್ನ

ಅಪ್ಪನಿಗೂ ಅಮ್ಮನಿಗೂ ನಮಸ್ಕಾರಗಳು.

ಇಲ್ಲಿ ನಾವು ಮೂರೂ ಜನ ಆರಾಮ. ದಿನಾ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಅಂತ ಅಮ್ಮ ಗಾಬರಿಯಾಗಬೇಡ. ಏನೂ ಆಗಿಲ್ಲ. ಫೋನಿನಲ್ಲಿ ಪುಸ್ತಕದ ಮಾತು ತೆಗೆದರೆ ಎರಡೇ ನಿಮಿಷಕ್ಕೆ ಪುಟ್ಟ ನಡುವೆ ನುಗ್ಗಿ ಬಿದ್ದ ಹಲ್ಲಿನ ಜಾಗ ತೋರಿಸುತ್ತಾನೆ. ಅಲ್ಲಿಗೆ ಮಾತು ಮುಗಿಯಿತು. ಕಾಗದಕ್ಕಾದರೆ ಅವನು ಅಡ್ಡ ಬರಲಾರ.

ಅಪ್ಪಾ, ಹೋದ ತಿಂಗಳು ನೀವು ಒಂದು ಮಾತು ಅಂದಿರಿ. "ಏಳು ವರ್ಷವಾಯಿತು. ಆ ಊರು ಹೇಗಿದೆ ಅಂದರೆ ಚೊಕ್ಕಟವಾಗಿದೆ ಅಂತೀಯ. ಆಸ್ಪತ್ರೆಯೂ ಚೊಕ್ಕಟವಾಗಿರುತ್ತೆ. ಊರು ಹೇಗಿದೆ ಹೇಳು." ನಾನು ನಕ್ಕು ಮಾತು ಮರೆಸಿದೆ. ಆದರೆ ಮನಸ್ಸಿಗೆ ಚುಚ್ಚಿತು. ನಿಜಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫೀಸು, ಎಂಆರ್‌ಟಿ ರೈಲು, ಪುಟ್ಟನ ಸ್ಕೂಲು, ವಾರಕ್ಕೊಮ್ಮೆ ಲಿಟಲ್ ಇಂಡಿಯಾದಲ್ಲಿ ಕರಿಬೇವು. ಇಷ್ಟರಲ್ಲಿ ಊರು ಎಲ್ಲಿ ಕಂಡೀತು?

ಆ ಶನಿವಾರವೇ ಬೆಡೋಕ್ ಗ್ರಂಥಾಲಯಕ್ಕೆ ಹೋದೆ. ಇಲ್ಲಿ ಒಂದು ಕಾರ್ಡಿಗೆ 16 ಪುಸ್ತಕ ಕೊಡುತ್ತಾರೆ, 21 ದಿನಕ್ಕೆ. ನೀವು ಸಾಗರದಲ್ಲಿ ಎರಡು ಪುಸ್ತಕಕ್ಕಾಗಿ ಗ್ರಂಥಪಾಲಕರ ಜೊತೆ ಚೌಕಾಸಿ ಮಾಡುತ್ತಿದ್ದದ್ದು ನೆನಪಾಯಿತು. ಇಂಗ್ಲಿಷ್, ಚೀನೀ, ಮಲಯ್, ತಮಿಳು, ನಾಲ್ಕೂ ಸರ್ಕಾರಿ ಭಾಷೆಗಳಿಗೆ ಕಪಾಟುಗಳಿವೆ. ಕನ್ನಡಕ್ಕಿಲ್ಲ. ಈ ಊರಿನವರೇ ಈ ಊರಿನ ಬಗ್ಗೆ ಈಚಿನ ವರ್ಷಗಳಲ್ಲಿ ಬರೆದದ್ದು ಏನಿದೆ ಅಂತ ಹುಡುಕಿದೆ. ಒಂದು ಕಪಾಟು ತುಂಬ ಇತ್ತು. ಏಳು ವರ್ಷ ಅದರ ಮುಂದೆಯೇ ಮಕ್ಕಳ ವಿಭಾಗಕ್ಕೆ ಓಡಾಡಿದ್ದೇನೆ!

ಮೊದಲು ಓದಿದ್ದು ರೇಚಲ್ ಹೆಂಗ್ ಬರೆದ 'ದಿ ಗ್ರೇಟ್ ರೆಕ್ಲಮೇಶನ್' ಅನ್ನುವ ಕಾದಂಬರಿ. 2023ರದ್ದು. ಬ್ರಿಟಿಷರ ಕಾಲದ ಕೊನೆಯಲ್ಲಿ ಸಮುದ್ರದ ದಂಡೆಯ ಒಂದು ಕಂಪೊಂಗ್. ಕಂಪೊಂಗ್ ಅಂದರೆ ಇಲ್ಲಿಯ ಹಳ್ಳಿ. ಮೀನು ಹಿಡಿಯುವವರ ಮನೆಯ ಹುಡುಗನೊಬ್ಬ, 'ಆ ಬೂನ್' ಅಂತ ಅವನ ಹೆಸರು. ಅಪ್ಪ ಮೊದಲ ಸಲ ದೋಣಿಯಲ್ಲಿ ಕೂರಿಸಿಕೊಂಡು ಹೋದಾಗ, ಯಾರೂ ಕಾಣದ ಒಂದು ದ್ವೀಪ ಸಿಗುತ್ತದೆ. ಅದರ ಸುತ್ತ ಮೀನೋ ಮೀನು. ಆ ದ್ವೀಪ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಹುಡುಗ ಜೊತೆಗಿದ್ದರೆ ಮಾತ್ರ ಸಿಗುತ್ತದೆ. ಆಮೇಲೆ ಜಪಾನಿನವರು ಬರುತ್ತಾರೆ, ಯುದ್ಧ ಆಗುತ್ತದೆ. ಅದೆಲ್ಲ ಮುಗಿದ ಮೇಲೆ ಬರುವವರು ಬಿಳಿ ಬಟ್ಟೆಯ ಸರ್ಕಾರದವರು. ಹಳ್ಳಿಯವರ ಬಾಯಲ್ಲಿ ಅವರು 'ಗಾ ಮೆನ್'. ಗವರ್ನಮೆಂಟ್ ಅನ್ನುವ ಮಾತು ಸವೆದು ಹಾಗಾಗಿದೆ, ನಮ್ಮ ಅಜ್ಜಿಗೆ 'ಗೌರ್ಮೆಂಟು' ಆದ ಹಾಗೆ. ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡುತ್ತೇವೆ, ನಿಮಗೆ ನಲ್ಲಿ, ಕರೆಂಟು ಇರುವ ಮನೆ ಕೊಡುತ್ತೇವೆ, ಈ ಜಾಗ ಬಿಡಿ ಅನ್ನುತ್ತಾರೆ ಅವರು.

ಓದುತ್ತಾ ಓದುತ್ತಾ ಮೈ ಜುಮ್ಮೆಂದಿತು. ಯಾಕೆ ಗೊತ್ತಾ? ಇದು ನಾವಿರುವ ಜಾಗದ್ದೇ ಕಥೆ. ನಮ್ಮ ಮರೀನ್ ಪೆರೇಡ್ ಬಡಾವಣೆ ಪೂರ್ತಿಯಾಗಿ ಸಮುದ್ರ ತುಂಬಿದ ನೆಲದ ಮೇಲಿದೆ. 1966ರಲ್ಲಿ ಶುರು ಮಾಡಿದರಂತೆ. ಬೆಡೋಕ್ ಕಡೆಯ ಗುಡ್ಡಗಳನ್ನು ಕಡಿದು, ಆ ಮಣ್ಣನ್ನು ಉದ್ದದ ಬೆಲ್ಟಿನ ಮೇಲೆ ಹರಿಸಿ ತಂದು ನೀರಿಗೆ ಸುರಿದರಂತೆ. 1970ರ ದಶಕದಲ್ಲಿ ಅದರ ಮೇಲೆ ಈ ಮನೆಗಳನ್ನು ಕಟ್ಟಿದರು. ಸ್ವಾತಂತ್ರ್ಯ ಬಂದ 1965ರಲ್ಲಿ ಈ ದೇಶ ಸುಮಾರು 580 ಚದರ ಕಿಲೋಮೀಟರ್ ಇತ್ತು. ಈಗ 730 ದಾಟಿದೆ. ನಮ್ಮ ಸಾಗರ ತಾಲ್ಲೂಕಿಗಿಂತ ಚಿಕ್ಕ ದೇಶ, ಬೆಳೆಯುತ್ತಲೇ ಇದೆ. ಅಮ್ಮ ಬಂದಾಗ ಮಾರ್ಕೆಟ್ಟಿಗೆ ನಡೆದು ಹೋದೆವಲ್ಲ, ಆ ರಸ್ತೆಯಲ್ಲೆಲ್ಲ ಅಲೆ ಬರುತ್ತಿತ್ತು. ಒಳಗಿನ ಬೀದಿಗಳಲ್ಲಿ ಹಳೆಯ ಬಂಗಲೆಗಳ ಸಮುದ್ರದ ಗೋಡೆ ಅಲ್ಲಲ್ಲಿ ಇನ್ನೂ ನಿಂತಿದೆ. ಮೆಟ್ಟಿಲು ಇದೆ, ಇಳಿಯಲು ನೀರಿಲ್ಲ.

ಅಪ್ಪಾ, ನೀವು ಮುಳುಗಡೆಯ ಬಗ್ಗೆ ನಮಗೆ ಜಾಸ್ತಿ ಹೇಳಿದವರೇ ಅಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿತು, ಮನೆ ಹೋಯಿತು, ಲಾರಿಯಲ್ಲಿ ಈಚೆ ಬಂದೆವು. ಇಷ್ಟೇ, ಮೂರು ವಾಕ್ಯ. ಬೇಸಿಗೆಯಲ್ಲಿ ನೀರು ಇಳಿದು ಮಡೆನೂರಿನ ಹಳೇ ಅಣೆಕಟ್ಟು ಎದ್ದಾಗ ಎಲ್ಲರೂ ನೋಡಲು ಹೋಗುತ್ತಿದ್ದರು, ನೀವು ಬರುತ್ತಿರಲಿಲ್ಲ. ಬಿಸಿಲು ಅನ್ನುತ್ತಿದ್ದಿರಿ. ಇಲ್ಲಿ ನೀರಿದ್ದಲ್ಲಿ ನೆಲ ಬಂತು, ನಮ್ಮಲ್ಲಿ ನೆಲ ಇದ್ದಲ್ಲಿ ನೀರು ಬಂತು. ಅದೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ. ಇವರು ಸಮುದ್ರಕ್ಕೆ ಮಣ್ಣು ಸುರಿಯಲು ಶುರು ಮಾಡಿದಾಗ ನೀವು ಹೊಸ ಊರಿನ ಸ್ಕೂಲಿಗೆ ಸೇರಿ ಎರಡು ವರ್ಷ.

ಆ ಪುಸ್ತಕ ನನಗೆ ಹಿಡಿಸಿದ್ದು ಇನ್ನೊಂದು ಕಾರಣಕ್ಕೆ. ಅದು ಸುಮ್ನೆ ಅತ್ತು ಕರೆಯುವುದಿಲ್ಲ. 'ಆ ಬೂನ್'ಗೆ ಆ ನಲ್ಲಿ, ಆ ದೀಪ ನಿಜಕ್ಕೂ ಬೇಕು. ಕೊನೆಗೆ ಅವನೇ ಸರ್ಕಾರದವರ ಕಡೆ ಕೆಲಸಕ್ಕೆ ಸೇರಿ ತನ್ನ ಹಳ್ಳಿಯವರಿಗೆ 'ಏಳಿ' ಅನ್ನುತ್ತಾನೆ. ದೊಡ್ಡಪ್ಪ ತಮ್ಮದೇ ತೋಟ ಮುಳುಗಿಸುವ ಅಣೆಕಟ್ಟಿಗೆ ಕೂಲಿಗೆ ಹೋದರಲ್ಲ, ಅಜ್ಜ ಎಷ್ಟೋ ವರ್ಷ ಅವರ ಹತ್ತಿರ ಮಾತು ಬಿಟ್ಟಿದ್ದರಲ್ಲ, ಅದೇ ಕಣ್ಣ ಮುಂದೆ ಬಂತು. ದೊಡ್ಡಪ್ಪನ ಬಗ್ಗೆ ನನಗೆ ಮೊದಲ ಸಲ ಪಾಪ ಅನ್ನಿಸಿತು. ಕಾದಂಬರಿಯ ಕೊನೆಯ ಭಾಗ ಸ್ವಲ್ಪ ಅವಸರದ್ದು. ಏನಾಯಿತು ಅಂತ ಹೇಳುವುದಿಲ್ಲ, ಓದಿ.

ಒಂದು ವ್ಯತ್ಯಾಸ ಮಾತ್ರ ಇದೆ. ಇಲ್ಲಿ ಎಬ್ಬಿಸಿದವರಿಗೆ ಮನೆಯಂತೂ ಕೊಟ್ಟರು. ಈಗ ನೂರಕ್ಕೆ ಎಂಬತ್ತರ ಹತ್ತಿರ ಜನ ಇರುವುದು ಸರ್ಕಾರವೇ ಕಟ್ಟಿದ ಎಚ್‌ಡಿಬಿ ಮನೆಗಳಲ್ಲಿ. 99 ವರ್ಷದ ಗುತ್ತಿಗೆ, ಆದರೂ ಸ್ವಂತ ಮನೆ ಅಂತಲೇ ಎಲ್ಲರೂ ಅನ್ನುವುದು. ನಮ್ಮಲ್ಲಿ ಮುಳುಗಡೆಯ ಎಷ್ಟೋ ಮನೆಯವರು ಇನ್ನೂ ಹಕ್ಕುಪತ್ರ ಅಂತ ಓಡಾಡುತ್ತಿದ್ದಾರೆ. ಆ ಹಿನ್ನೀರಿನ ಮೇಲೆ ಸಿಗಂದೂರಿಗೆ ಸೇತುವೆ ಆಗಿದ್ದೇ 2025ರ ಜುಲೈನಲ್ಲಿ. ಲಾಂಚಿಗೆ ಕಾದು ಕಾದು ಎಷ್ಟು ಜನ ಮುದುಕರಾದರೋ!

ಹಾಗಂತ ಎಚ್‌ಡಿಬಿ ಅಂದರೆ ಸ್ವರ್ಗ ಅಂತಲ್ಲ. ಎರಡನೆಯ ಪುಸ್ತಕ ಅದರದ್ದೇ. ತಿಯೋ ಯು ಯೆನ್ ಅಂತ, ಇಲ್ಲಿಯ ನಾನ್ಯಾಂಗ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸುವವರು. 2018ರಲ್ಲಿ 'ದಿಸ್ ಈಸ್ ವಾಟ್ ಇನ್‌ಈಕ್ವಾಲಿಟಿ ಲುಕ್ಸ್ ಲೈಕ್' ಅಂತ ಪುಸ್ತಕ ಬರೆದರು. ಕೊಂಡುಕೊಳ್ಳಲು ಆಗದವರಿಗೆ ಸರ್ಕಾರ ಬಾಡಿಗೆಗೆ ಕೊಡುವ ಒಂದು ಕೋಣೆ, ಎರಡು ಕೋಣೆಯ ಮನೆಗಳಿವೆ. ಇವರು ವರ್ಷಗಟ್ಟಲೆ ಅಲ್ಲಿಗೆ ಹೋಗಿ, ಕೂತು, ಮಾತು ಕೇಳಿದ್ದಾರೆ. ಮರ್ಯಾದೆ ಅನ್ನುವುದು ಶುದ್ಧ ಗಾಳಿಯ ಹಾಗೆ ಅಂತ ಒಂದು ಅಧ್ಯಾಯವಿದೆ. ಇರುವವರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಅಂಕಿ ಅಂಶದ ರಾಶಿ ಇರಬಹುದು ಅಂತ ಹೆದರಿಕೊಂಡೇ ತೆಗೆದೆ. ಹಾಗಿಲ್ಲ, ಪಕ್ಕದಲ್ಲಿ ಕೂತು ಮಾತಾಡಿದ ಹಾಗಿದೆ.

ನಮ್ಮ ಆಫೀಸಿನ ಕೆಳಗಿನ ಹಾಕರ್ ಸೆಂಟರಿನಲ್ಲಿ, ಅಂದರೆ ಸಾಲು ಊಟದ ಅಂಗಡಿಗಳಿರುವ ಜಾಗದಲ್ಲಿ, ಮೇಜು ಒರೆಸುವ ಒಬ್ಬ ಆಂಟಿ ಇದ್ದಾರೆ. ಎಪ್ಪತ್ತು ದಾಟಿರಬೇಕು. ಈ ಹಾಕರ್ ಸೆಂಟರ್‌ಗಳ ಸಂಸ್ಕೃತಿಯನ್ನು ಯುನೆಸ್ಕೋ 2020ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಊಟದ ಬಗ್ಗೆ, ಆ ಅಜ್ಜಂದಿರ ನೂಡಲ್ಸಿನ ಬಗ್ಗೆ ಪುಸ್ತಕಗಳಿಗೆ ಬರವಿಲ್ಲ. ಮೇಜು ಒರೆಸುವವರ ಮೇಲೆ ಕಣ್ಣು ಬೀಳುವುದು ಕಡಿಮೆ. ಈ ಪುಸ್ತಕ ಓದಿದ ಮೇಲೆ ಒಂದು ದಿನ ಅವರಿಗೆ ನಮಸ್ಕಾರ ಹೇಳಿ, ಊಟ ಆಯಿತಾ ಅಂತ ಕೇಳಿದೆ. ಇಲ್ಲಿಯೂ ನಮ್ಮ ಹಾಗೆಯೇ, ಸಿಕ್ಕಿದವರನ್ನು ಊಟ ಆಯಿತಾ ಅಂತ ಕೇಳುವುದು ರೂಢಿ. ಅವರು ನನ್ನನ್ನು ಅನುಮಾನದಿಂದ ನೋಡಿ, "ಈ ಮೇಜಿನಲ್ಲಿ ಕೂರಬಹುದು, ಒರೆಸಿಯಾಗಿದೆ" ಅಂದರು. ನಾಚಿಕೆಯಾಯಿತು. ಅಷ್ಟು ವರ್ಷ ನಾನು ಅವರ ಹತ್ತಿರ ಅದೊಂದನ್ನೇ ಕೇಳುತ್ತಿದ್ದೆ ಅಂತ ಆಯಿತಲ್ಲ.

ನಮಗೇನು ಎಲ್ಲ ಕಡೆ ಕೆಂಪು ಹಾಸು ಇತ್ತು ಅಂತಲ್ಲ. ಮೊದಲ ವರ್ಷ ಮನೆ ಹುಡುಕುವಾಗ ಒಬ್ಬ ಏಜೆಂಟ್ ಫೋನಿನಲ್ಲೇ, "ಇಂಡಿಯನ್ಸಾ? ಅಡುಗೆ ಜಾಸ್ತಿ ಮಾಡ್ತೀರಾ?" ಅಂತ ಕೇಳಿ ಇಟ್ಟುಬಿಟ್ಟ. ನಿಮಗೆ ಹೇಳಿರಲಿಲ್ಲ. ಒಗ್ಗರಣೆಯ ತಪ್ಪು ಅಂತ ರಘು ನಗಾಡಿದರು. ಆದರೆ ಮೂರನೆಯ ಪುಸ್ತಕ ಓದಿದ ಮೇಲೆ ನಮ್ಮ ಕಷ್ಟ ಕಷ್ಟವೇ ಅಲ್ಲ ಅನ್ನಿಸಿತು.

ಅದು ಬಾಂಗ್ಲಾದೇಶದಿಂದ ಕಟ್ಟಡ ಕೆಲಸಕ್ಕೆ ಬಂದ ಶರೀಫ್ ಉದ್ದಿನ್ ಅವರ ಡೈರಿ, 'ಸ್ಟ್ರೇಂಜರ್ ಟು ಮೈಸೆಲ್ಫ್'. 2017ರದ್ದು. ಮರುವರ್ಷ ಇಲ್ಲಿಯ ಪುಸ್ತಕ ಪ್ರಶಸ್ತಿಗಳಲ್ಲಿ ಅದಕ್ಕೇ ಬಹುಮಾನ ಬಂತು. ದಿನವಿಡೀ ಬಿಸಿಲಲ್ಲಿ ದುಡಿದು, ರಾತ್ರಿ ಹಾಸಿಗೆಯ ಮೇಲೆ ಕೂತು ಬರೆದದ್ದು. ಕೋವಿಡ್ ಕಾಲದ ಬಗ್ಗೆ 2021ರಲ್ಲಿ ಇನ್ನೊಂದು ಬರೆದರು. 2020ರ ಏಪ್ರಿಲ್‌ನಲ್ಲಿ ಈ ಕೂಲಿಯವರ ಡಾರ್ಮಿಟರಿಗಳನ್ನು, ಯಾರೂ ಹೊರಗೆ ಬರದ ಹಾಗೆ, ಮುಚ್ಚಿದ್ದು ನೆನಪಿದೆಯಾ? "ಹುಷಾರು ಮಗಳೇ" ಅಂತ ಅಮ್ಮ ನೀನು ದಿನಾ ಅಳುತ್ತಿದ್ದೆ. ನಾನು ಮನೆಯೊಳಗೆ ಬಾಳೆಹಣ್ಣಿನ ಕೇಕು ಮಾಡುತ್ತಿದ್ದೆ. ಅವರು ಒಂದೊಂದು ಕೋಣೆಯಲ್ಲಿ ಹತ್ತಾರು ಜನ ಇದ್ದರು, ರೋಗ ಅಲ್ಲೇ ಜಾಸ್ತಿ ಹಬ್ಬಿತ್ತು. ಇಲ್ಲಿ 2014ರಲ್ಲಿ ವಲಸೆ ಕಾರ್ಮಿಕರಿಗೇ ಒಂದು ಕವಿತೆ ಸ್ಪರ್ಧೆ ಶುರುವಾಯಿತು. ಭಾನುವಾರ ಲೆಂಬು ರಸ್ತೆಯ ಬಯಲಿನಲ್ಲಿ ಫೋನು ಹಿಡಿದು ಕೂತಿರುತ್ತಾರಲ್ಲ ಆ ಹುಡುಗರು, ಇನ್ನು ಮೇಲೆ ಅವರನ್ನು ನೋಡಿದರೆ ಯಾರು ಏನು ಬರೆಯುತ್ತಿದ್ದಾರೋ ಅನ್ನಿಸುತ್ತದೆ. ಅಲ್ಲಿ ಈಚೆ ಒಬ್ಬ ನನ್ನ ಚೀಲ ಹರಿದು ಈರುಳ್ಳಿ ಚೆಲ್ಲಿದಾಗ ಎಲ್ಲ ಆರಿಸಿಕೊಟ್ಟು, "ಯಾವ ಊರು ದೀದಿ?" ಅಂದ. ಸಾಗರ ಅಂದೆ. ಸಮುದ್ರ ಅಂತ ತಿಳಿದುಕೊಂಡ, ಅವನ ಭಾಷೆಯಲ್ಲೂ ಅದೇ ಅರ್ಥ. "ನಮ್ಮೂರಲ್ಲೂ ನೀರೇ" ಅಂತ ನಕ್ಕ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ, ಅಕ್ಕಿಗೆ ನೀರಿಟ್ಟಿದ್ದೇನೆ. 'ಸೆಂಬವಾಂಗ್' ಅಂತ ಕಮಲಾದೇವಿ ಅರವಿಂದನ್ ಅವರ ತಮಿಳು ಕಾದಂಬರಿ, 2020ರಲ್ಲಿ ಇಂಗ್ಲಿಷಿಗೆ ಬಂತು. ಬ್ರಿಟಿಷ್ ನೌಕಾನೆಲೆಯ ಸುತ್ತ ಬದುಕಿದ ನಮ್ಮ ಕಡೆಯ ಜನರದ್ದು. ಅರ್ಧ ಓದಿದ್ದೇನೆ, ಚೆನ್ನಾಗಿದೆ. ಇನ್ನೊಂದು ಸನ್ನಿ ಲ್ಯೂ ಅವರ ಚಿತ್ರ ಕಾದಂಬರಿ, 2015ರದ್ದು. ಹೊಸದೇನಲ್ಲ, ನನಗೆ ಹೊಸದು. ಕಲ್ಪನೆಯ ಒಬ್ಬ ವ್ಯಂಗ್ಯಚಿತ್ರಕಾರನ ಜೀವನಚರಿತ್ರೆಯ ನೆಪದಲ್ಲಿ ದೇಶದ ಚರಿತ್ರೆಯನ್ನೇ ಹೇಳುತ್ತಾರೆ. ಅದು ಹಿಡಿಸದೆ ಸರ್ಕಾರದ ಕಲಾ ಮಂಡಳಿ ಪುಸ್ತಕಕ್ಕೆ ಕೊಟ್ಟಿದ್ದ 8,000 ಡಾಲರ್ ಅನುದಾನ ವಾಪಸ್ ತೆಗೆದುಕೊಂಡಿತು. ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು. 2017ರಲ್ಲಿ ಅಮೆರಿಕದಲ್ಲಿ ಚಿತ್ರಕಥೆಗಳಿಗೆ ಕೊಡುವ ಐಸ್ನರ್ ಪ್ರಶಸ್ತಿ ಮೂರು ಬೇರೆ ಬಂತು. ಇದನ್ನು ಓದಿ ನೀವು ಜೋರಾಗಿ ನಗುತ್ತೀರಿ, ನನಗೆ ಗೊತ್ತು.

ಅದನ್ನು ಕೊಂಡದ್ದು ಬ್ರಾಸ್ ಬಸಾ ಕಾಂಪ್ಲೆಕ್ಸಿನಲ್ಲಿ. ಕೆಳಗೆಲ್ಲ ಪುಸ್ತಕದ ಅಂಗಡಿ, ಮೇಲೆ ಜನ ವಾಸದ ಮನೆ. ಎದುರಿಗೇ 16 ಮಹಡಿಯ ರಾಷ್ಟ್ರೀಯ ಗ್ರಂಥಾಲಯ. ಇದಕ್ಕೂ ಮೊದಲು ಸ್ಟ್ಯಾಂಫರ್ಡ್ ರಸ್ತೆಯಲ್ಲಿ ಕೆಂಪು ಇಟ್ಟಿಗೆಯ ಗ್ರಂಥಾಲಯ ಇತ್ತು, 1960ರದ್ದು. ಜನ ಬೇಡ ಬೇಡ ಅಂದರೂ 2004ರಲ್ಲಿ ಮುಚ್ಚಿ, ಕೆಡವಿ, ಅಲ್ಲಿ ಸುರಂಗ ರಸ್ತೆ ಮಾಡಿದರು. ಹಳೆಯದರ ಒಂದಷ್ಟು ಇಟ್ಟಿಗೆ ತಂದು ಹೊಸದರಲ್ಲಿ ಒಂದು ಗೋಡೆ ಕಟ್ಟಿಟ್ಟಿದ್ದಾರೆ. ಅದನ್ನು ಮುಟ್ಟಿ ಬಂದೆ. ಇಲ್ಲಿ ಬರೆಯುವವರೆಲ್ಲ ಯಾಕೆ ಇಲ್ಲದ ಮನೆ, ಇಲ್ಲದ ಬೀದಿ, ಇಲ್ಲದ ದಂಡೆಯ ಬಗ್ಗೆಯೇ ಬರೆಯುತ್ತಾರೆ ಅಂತ ಆಗ ತಲೆಗೆ ಹೋಯಿತು.

ಅದಕ್ಕೇ ನಿಮ್ಮ ಹತ್ತಿರ ಒಂದು ಕೇಳುತ್ತೇನೆ. ನಮ್ಮ ಹಳೇ ಮನೆಯ ನಕ್ಷೆ ಬರೆದು ಕಳಿಸಿ. ಚೆಂದ ಬೇಡ. ಜಗುಲಿ ಯಾವ ಕಡೆಗೆ, ಕೊಟ್ಟಿಗೆ ಎಲ್ಲಿ, ಬಾವಿ ಎಲ್ಲಿ, ಪಕ್ಕದ ಮನೆ ಯಾರದ್ದು. ನೋಟ್‌ಬುಕ್ಕಿನ ಹಾಳೆ ಸಾಕು.

ರಘು ಅವರ ಆಫೀಸಿನ ಒಬ್ಬರು ಮುಂದಿನ ವಾರ ಬೆಂಗಳೂರಿಗೆ ಬರುತ್ತಿದ್ದಾರೆ. ಕಾದಂಬರಿ, ಡೈರಿ, ಚಿತ್ರದ್ದು, ಮೂರೂ ಕಳಿಸುತ್ತೇನೆ. ತಿಯೋ ಅವರದ್ದು ಲೈಬ್ರರಿಯದ್ದು, ವಾಪಸ್ ಕೊಡಬೇಕು. ಅಮ್ಮಾ, ಅವರ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಬೇಡ. ಹೋದ ಸಲ ಅವರ ಸೂಟ್‌ಕೇಸಿನಲ್ಲಿ ಸೋರಿ ಬಿಳಿ ಶರ್ಟು ಹಾಳಾಗಿದೆ. ಪಾಪ, ಹೇಳಲಿಲ್ಲ ಅವರು. ಬೇಕಾದರೆ ಚಟ್ನಿಪುಡಿ ಕಳಿಸು.

ಪುಟ್ಟನಿಗೆ ಇದೆಲ್ಲ ಹೇಳಿದೆ. ನಮ್ಮ ಮನೆ ಮೊದಲು ಸಮುದ್ರ, ಅಜ್ಜನ ಮನೆ ಈಗ ನೀರೊಳಗೆ ಅಂತ. ಸ್ವಲ್ಪ ಹೊತ್ತು ಯೋಚಿಸಿ, "ಅಜ್ಜನಿಗೆ ಈಜು ಬರುತ್ತಾ?" ಅಂದ. ನನಗೆ ಗೊತ್ತಿರಲಿಲ್ಲ. ಬರುತ್ತಾ ಅಪ್ಪಾ?

ನಿಮ್ಮ ಮಗಳು,
ಸುಮಾ