‘ನೋ ಇಶ್ಯೂ’ ಅಂದರೆ ತಕರಾರಿಲ್ಲ ಅಂತಲ್ಲ

ಸಂಪಾದಕರೇ,

ಖಾತೆ ಬದಲಾವಣೆ ಅರ್ಜಿಗಳು ಬಾಕಿ ಬಿದ್ದಿರುವ ಬಗ್ಗೆ ನಿನ್ನೆ ನಿಮ್ಮಲ್ಲಿ ಬಂದ ವರದಿ ಓದಿದೆ. ಅವು ಯಾಕೆ ಬಾಕಿ ಬೀಳುತ್ತವೆ ಅಂತ ನನ್ನನ್ನು ಕೇಳಿ. ನಿನ್ನೆಯೇ ಅನುಭವಿಸಿ ಬಂದಿದ್ದೇನೆ.

ನಮ್ಮ ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ದೊಡ್ಡಮ್ಮ ಮೊದಲೇ ತೀರಿಕೊಂಡಿದ್ದರು. ಅವರ ಹೊಲ ನಮ್ಮ ತಂದೆಯ ಹೆಸರಿಗೆ ಆಗಬೇಕು. ವಕೀಲರು ಮಾಡಿಸಿಕೊಟ್ಟ ಅಫಿಡವಿಟ್‌ನಲ್ಲಿ ದೊಡ್ಡಪ್ಪನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ‘ನೋ ಇಶ್ಯೂ’ ಅಂತ ಟೈಪ್ ಆಗಿದೆ. ಕಂದಾಯ ಕಚೇರಿಯ ಕೌಂಟರಿನಲ್ಲಿದ್ದವರು ಅದರ ಮೇಲೆ ಪೆನ್ನಿನ ತುದಿ ಇಟ್ಟು, ‘ತಕರಾರಿಲ್ಲ ಅಂತ ಇದೆ, ಸರಿ. ಮಕ್ಕಳ ಹೆಸರೆಲ್ಲಿ? ಎಲ್ಲರ ಸಹಿ ಮಾಡಿಸಿ ತನ್ನಿ’ ಅಂದರು. ಇಲ್ಲದ ಮಕ್ಕಳ ಸಹಿ ಎಲ್ಲಿಂದ ತರಲಿ? ಕಾನೂನಿನ ಭಾಷೆಯಲ್ಲಿ ಇಶ್ಯೂ ಅಂದರೆ ಸಂತಾನ. ನಮ್ಮ ಹಿರಿಯರು ಉರ್ದುವಿನಲ್ಲಿ ‘ಲಾವಲದ್’ ಅನ್ನುತ್ತಿದ್ದದ್ದು ಇದನ್ನೇ. ಎಷ್ಟು ಹೇಳಿದರೂ ಕೇಳಲಿಲ್ಲ.

ಅದೇ ಕೌಂಟರಿನಲ್ಲಿ ಬೆಳಿಗ್ಗೆ ‘ಸರ್ವರ್ ಇಶ್ಯೂ’ ಅಂತ ಎರಡು ಗಂಟೆ ಕೂರಿಸಿದ್ದರು. ಪಕ್ಕದವರಿಗೆ ‘ಸರ್ಟಿಫಿಕೇಟ್ ಇನ್ನೂ ಇಶ್ಯೂ ಆಗಿಲ್ಲ’ ಅಂದರು. ಕೋರ್ಟಿಗೆ ಹೋದರೆ ಇಶ್ಯೂ ಅಂದರೆ ವಿವಾದದ ಅಂಶ. ನಿಮ್ಮ ಪತ್ರಿಕೆಯ ಸಂಚಿಕೆಯೂ ಇಶ್ಯೂನೇ. ಈ ಪದದ ಮೂಲ ಅರ್ಥ ಹೊರಗೆ ಬರುವುದು. ಮಗು ಹೊರಬಂದರೂ ಇಶ್ಯೂ, ಕಾಗದ ಹೊರಬಂದರೂ ಇಶ್ಯೂ. ಇಷ್ಟು ಗೊತ್ತಿಲ್ಲದವರು ಜನರ ಆಸ್ತಿ ಪತ್ರ ನೋಡುವುದು ಹೇಗೆ?

ಎಪ್ಪತ್ತು ದಾಟಿದ ತಂದೆಯನ್ನು ಕರೆದುಕೊಂಡು ಇದು ಮೂರನೇ ಸಲ ಬಂದದ್ದು. ಈ ಬಿಸಿಲಲ್ಲಿ ಅವರು ಮೆಟ್ಟಿಲ ಮೇಲೆ, ಮಡಚಿದ ಕಡೆ ಹರಿದ ಹಳೇ ಪಹಣಿ ಹಿಡಿದು ಕೂತಿದ್ದರು. ಕುಡಿಯಲು ನೀರಿಲ್ಲ, ಫ್ಯಾನ್ ತಿರುಗುವುದಿಲ್ಲ. ಹೋದ ವರ್ಷ ಮಗಳ 371ಜೆ ಪ್ರಮಾಣಪತ್ರಕ್ಕೂ (ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದದ್ದು) ಹೀಗೇ ಅಲೆಸಿದರು. ಒಂದು ಕಾಗದದಲ್ಲಿ ಗುಲ್ಬರ್ಗಾ ಇದೆ, ಇನ್ನೊಂದರಲ್ಲಿ ಕಲಬುರಗಿ ಇದೆ, ಎರಡೂ ಒಂದೇ ಊರು ಅಂತ ಬರೆಸಿ ತನ್ನಿ ಅಂದರು. 2014ರಲ್ಲಿ ಹೆಸರು ಬದಲಾಯಿಸಿದ್ದು ಸರ್ಕಾರವೇ ಅಲ್ವಾ? ಅದಕ್ಕೆ ನಾವು ಯಾಕೆ ಸ್ಟಾಂಪ್ ಪೇಪರ್ ಕೊಳ್ಳಬೇಕು?

ಕನ್ನಡವೇ ಆಡಳಿತ ಭಾಷೆ ಅಂತ ಕಾನೂನು ಬಂದದ್ದು 1963ರಲ್ಲಿ. ಹಾಗಿದ್ದ ಮೇಲೆ ‘ಮಕ್ಕಳಿಲ್ಲ’ ಅಂತ ಕನ್ನಡದಲ್ಲೇ ಬರೆಯುವಂತೆ ಮಾಡಿ. ಇಲ್ಲವೇ ಕೌಂಟರಿಗೆ ಇಂಗ್ಲಿಷ್ ಬಲ್ಲವರನ್ನು ಕೂರಿಸಿ. ಮೇಲಿನ ಅಧಿಕಾರಿಗಳು ಒಂದು ದಿನ ಬಂದು ಆ ಮೆಟ್ಟಿಲ ಮೇಲೆ ಕೂತು ನೋಡಲಿ. ಸೋಮವಾರ ಮತ್ತೆ ಬನ್ನಿ ಅಂದಿದ್ದಾರೆ, ಸುಮ್ನೆ ಹೋಗಿ ಬರಲು ನಮಗೇನು ಬೇರೆ ಕೆಲಸವಿಲ್ಲವೇ?

— ಒಬ್ಬ ಓದುಗ, ಆಳಂದ ರಸ್ತೆ, ಕಲಬುರಗಿ