ನೀಲಿ ಗೆರೆಯ ಆ ಮೀನನ್ನು ಟ್ಯಾಂಕಿಗೆ ತರಬೇಡಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮನೆಯೊಳಗೆ ಅಕ್ವೇರಿಯಂ ಇಡುವ ಬಗ್ಗೆ ಒಂದು ಲೇಖನ ಬಂದಿತ್ತು. ಫೋಟೊಗಳು ಚೆನ್ನಾಗಿದ್ದವು. ಅದರಲ್ಲಿದ್ದ ಒಂದು ಮಾತಿಗಾಗಿ ಮಾತ್ರ ಈ ಪತ್ರ ಬರೆಯುತ್ತಿದ್ದೇನೆ. ಉಪ್ಪುನೀರಿನ ಟ್ಯಾಂಕ್ ಇರುವವರು ಒಂದು ಕ್ಲೀನರ್ ರಾಸ್ ಮೀನು ತಂದು ಬಿಟ್ಟರೆ ಗಾಜು ತೊಳೆಯುವ ತಾಪತ್ರಯ ಇರುವುದಿಲ್ಲ, ಅದಕ್ಕೆ ಬೇರೆ ಆಹಾರವನ್ನೂ ಹಾಕಬೇಕಿಲ್ಲ ಎಂದು ಬರೆದಿದ್ದರು. ಈ ಎರಡು ಮಾತೂ ತಪ್ಪು. ನಂಬಿ ತಂದವರ ಮನೆಯಲ್ಲಿ ಆ ಮೀನು ಹಸಿದು ಸಾಯುತ್ತದೆ.

ಹಾಸನದಲ್ಲಿ ಅಕ್ವೇರಿಯಂ ಕೂರಿಸಿಕೊಡುವುದು, ಆಮೇಲೆ ಆಗಾಗ ಹೋಗಿ ನೀರು ಬದಲಿಸಿ ಫಿಲ್ಟರ್ ತೊಳೆದುಕೊಡುವುದು ನನ್ನ ಕೆಲಸ. ಸಾಲಗಾಮೆ ರಸ್ತೆಯ ಕ್ಲಿನಿಕ್ಕು, ಬಿ.ಎಂ. ರಸ್ತೆಯ ಹೋಟೆಲ್ಲು, ವಿದ್ಯಾನಗರದ ಮನೆಗಳು, ಹೀಗೆ ತಿರುಗುತ್ತಿರುತ್ತೇನೆ. ಜಾಸ್ತಿ ಇರುವುದು ಸಿಹಿನೀರಿನ ಟ್ಯಾಂಕುಗಳೇ. ಗೋಲ್ಡ್ ಫಿಶ್, ಏಂಜಲ್, ಫ್ಲವರ್ ಹಾರ್ನ್. ಇತ್ತೀಚೆಗೆ ಮಾತ್ರ ಸಮುದ್ರದ ಮೀನು ಕೇಳುವವರು ಹೆಚ್ಚಾಗಿದ್ದಾರೆ. ಆರ್‌ಓ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪು ಕಲಸಿ, ನಮ್ಮೂರ ಚಳಿಗೆ ಹೀಟರ್ ಹಾಕಿ, ಕರೆಂಟು ಹೋದರೆ ಬ್ಯಾಟರಿ ಪಂಪ್ ಇಟ್ಟು, ಕಡಲಿಲ್ಲದ ಊರಲ್ಲಿ ಕಡಲನ್ನು ಮಾಡಿಕೊಳ್ಳುತ್ತೇವೆ. ಆ ಕೆಲಸ ನನಗೆ ಇಷ್ಟ. ಮೀನು ಸಾಕಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಈ ಒಂದು ಮೀನು ಬೇಡ ಎನ್ನುತ್ತಿದ್ದೇನೆ.

ಮೊದಲು ಗಾಜಿನ ವಿಷಯ. ಗಾಜಿನ ಮೇಲೆ ಕಟ್ಟುವುದು ಪಾಚಿ. ಸಿಹಿನೀರಿನ ಟ್ಯಾಂಕಿನಲ್ಲಿ ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನನ್ನು ಎಲ್ಲರೂ ನೋಡಿದ್ದಾರೆ. ಲೇಖನ ಬರೆದವರು ಬಹುಶಃ ಇದೂ ಹಾಗೇ ಅಂದುಕೊಂಡರೇನೋ. ಕ್ಲೀನರ್ ರಾಸ್ ಪಾಚಿಯನ್ನು ಮೂಸಿಯೂ ನೋಡುವುದಿಲ್ಲ. ಅದು ತಿನ್ನುವುದು ಬೇರೆ ಮೀನುಗಳ ಮೈಮೇಲೆ ಕೂತು ರಕ್ತ ಹೀರುವ ಸಣ್ಣ ಸಣ್ಣ ಹುಳಗಳನ್ನು, ಗಾಯದ ಸತ್ತ ಚರ್ಮವನ್ನು, ಮೈಯ ಲೋಳೆಯನ್ನು.

ಮೀನು ನೋಡಲು ಬಲು ಚೆಂದ, ಅದು ನಿಜ. ನಮ್ಮ ಬೆರಳಿನಷ್ಟುದ್ದ ಇರುತ್ತದೆ, ದೊಡ್ಡದಾದರೂ 14 ಸೆಂಟಿಮೀಟರ್ ದಾಟುವುದಿಲ್ಲ. ತಿಳಿ ನೀಲಿ ಮೈ. ಮೂತಿಯಿಂದ ಶುರುವಾಗಿ ಬಾಲದ ಕಡೆ ಹೋಗುತ್ತಾ ಅಗಲವಾಗುವ ಕಪ್ಪು ಪಟ್ಟೆ. ಮರಿಯಾಗಿದ್ದಾಗ ಮೈಯೆಲ್ಲ ಕಪ್ಪು, ಬೆನ್ನ ಮೇಲೆ ಮಾತ್ರ ಹೊಳೆಯುವ ನೀಲಿ ಗೆರೆ. ವಿಜ್ಞಾನದಲ್ಲಿ ಇದರ ಹೆಸರು ಲ್ಯಾಬ್ರಾಯ್ಡಿಸ್ ಡಿಮಿಡಿಯೇಟಸ್. ಕೆಂಪು ಸಮುದ್ರ, ಆಫ್ರಿಕಾದ ಪೂರ್ವ ಕರಾವಳಿಯಿಂದ ಹಿಡಿದು ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳವರೆಗೆ ಹವಳದ ದಿಬ್ಬಗಳಲ್ಲಿ ಇದೆ. ನಮ್ಮ ಲಕ್ಷದ್ವೀಪ, ಅಂಡಮಾನಿನಲ್ಲೂ ಇದೆ.

ಇದರ ಬದುಕು ನಡೆಯುವುದು ಒಂದು ನಿಗದಿಯಾದ ಜಾಗದಲ್ಲಿ. ದಿಬ್ಬದ ಒಂದು ಬಂಡೆಯನ್ನು ಹಿಡಿದುಕೊಂಡು ಅಲ್ಲೇ ಇರುತ್ತದೆ. ಬೇರೆ ಮೀನುಗಳು ಆ ಜಾಗ ನೆನಪಿಟ್ಟುಕೊಂಡು ಹುಡುಕಿಕೊಂಡು ಬರುತ್ತವೆ. ಹಾಸನಾಂಬೆಯ ಬಾಗಿಲು ತೆಗೆದಾಗ ದರ್ಶನಕ್ಕೆ ಜನ ಸಾಲು ನಿಲ್ಲುವ ಹಾಗೆ ಮೀನುಗಳು ತಮ್ಮ ಸರದಿಗೆ ಕಾಯುತ್ತವೆ. ಆದರೆ ಇಲ್ಲಿ ದೂರದಿಂದ ಬಂದವರಿಗೆ ಬೇರೆ ಸಾಲು! ಅಲ್ಲೇ ಸುತ್ತಮುತ್ತ ಇರುವ ಮೀನು ಎಲ್ಲಿಗೂ ಹೋಗುವುದಿಲ್ಲ, ಕಾಯುತ್ತದೆ. ದೂರದಿಂದ ಬಂದದ್ದನ್ನು ಕಾಯಿಸಿದರೆ ಅದು ಇನ್ನೊಂದು ಬಂಡೆಗೆ ಹೋಗಿಬಿಡುತ್ತದೆ. ಹಾಗಾಗಿ ಕ್ಲೀನರ್ ರಾಸ್ ದೂರದ್ದನ್ನೇ ಮೊದಲು ಕರೆಯುತ್ತದೆ. ಇದನ್ನು ವಿಜ್ಞಾನಿಗಳು ಪರೀಕ್ಷೆ ಮಾಡಿ ನೋಡಿದ್ದಾರೆ.

ಬರುವವರಲ್ಲಿ ಗ್ರೂಪರ್‌ನಂಥ ದೊಡ್ಡ ಬೇಟೆ ಮೀನುಗಳೂ ಇರುತ್ತವೆ, ಹಾವಿನಂತಿರುವ ಮೊರೆ ಈಲ್ ಇರುತ್ತದೆ, ಮಾಂಟಾ ತೊರಕೆಯೂ ಬರುತ್ತದೆ. ಬೇರೆ ಹೊತ್ತಿನಲ್ಲಿ ಈ ಗಾತ್ರದ ಮೀನನ್ನು ಗುಳುಂ ಮಾಡುವ ಗ್ರೂಪರ್, ಇಲ್ಲಿ ಬಾಯಿ ಅಗಲಿಸಿ, ಕಿವಿರು ಬಿಚ್ಚಿ ಸುಮ್ನೆ ನಿಲ್ಲುತ್ತದೆ. ನಮ್ಮ ಮೀನು ಬಾಲ ಎತ್ತಿ ಇಳಿಸಿ ಕುಣಿಯುತ್ತಾ ಹತ್ತಿರ ಬಂದು, ಬಾಯೊಳಗೆ ಹೋಗಿ, ಹಲ್ಲಿನ ಸಂದಿಯಲ್ಲಿರುವುದನ್ನು ಹೆಕ್ಕಿ, ಕಿವಿರಿನಿಂದ ಹೊರಗೆ ಬರುತ್ತದೆ. ನಡುನಡುವೆ ತನ್ನ ಈಜುರೆಕ್ಕೆಯಿಂದ ಗ್ರಾಹಕನ ಬೆನ್ನು ಸವರುತ್ತದೆ. ಹಾಗೆ ಸವರಿಸಿಕೊಂಡ ಮೀನಿಗೆ ಒತ್ತಡ ಇಳಿಯುತ್ತದೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಎಲ್ಲ ಸಾಚಾ ವ್ಯವಹಾರ ಅಂತಲ್ಲ. ಹುಳಕ್ಕಿಂತ ಲೋಳೆಯೇ ಇದಕ್ಕೆ ಹೆಚ್ಚು ರುಚಿ. ಆಸೆ ತಡೆಯದೆ ಲೋಳೆ ಕಚ್ಚಿದರೆ ಗ್ರಾಹಕ ಮೀನು ಮೈ ಜಾಡಿಸುತ್ತದೆ, ಅಟ್ಟಿಸಿಕೊಂಡೂ ಬರುತ್ತದೆ. ಹೆಣ್ಣು ಕಚ್ಚಿದ್ದರಿಂದ ಗಿರಾಕಿ ಎದ್ದು ಹೋದರೆ ಜೊತೆಯಲ್ಲಿರುವ ಗಂಡು ಆ ಹೆಣ್ಣನ್ನು ಓಡಿಸಿ ಶಿಕ್ಷಿಸುತ್ತದೆ. ಆಮೇಲೆ ಹೆಣ್ಣು ಸರಿಯಾಗಿ ಕೆಲಸ ಮಾಡುತ್ತದೆ. ಇನ್ನೊಂದು ಜಾತಿಯ ಮೀನಂತೂ ಇದರದೇ ಬಣ್ಣ, ಇದರದೇ ಕುಣಿತ ಕಲಿತು, ನಂಬಿ ಬಂದ ಮೀನಿನ ರೆಕ್ಕೆಯ ಚೂರು ಕಿತ್ತು ಓಡುತ್ತದೆ. ಬಾಯಿ ನೋಡಿದರೆ ಅಸಲಿ ಯಾವುದು ನಕಲಿ ಯಾವುದು ಗೊತ್ತಾಗುತ್ತದೆ. ಅಸಲಿಯ ಬಾಯಿ ಮೂತಿಯ ತುದಿಯಲ್ಲಿ, ನಕಲಿಯದು ಕೆಳಗೆ.

ಈಗ ನನಗೆ ಮುಖ್ಯ ಅನ್ನಿಸಿದ ಲೆಕ್ಕಕ್ಕೆ ಬರುತ್ತೇನೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಲಿಜರ್ಡ್ ದ್ವೀಪ ಅಂತ ಇದೆ. ಅಲ್ಲಿ ಸಂಶೋಧಕಿ ಅಲೆಕ್ಸಾಂಡ್ರಾ ಗ್ರಟರ್ ಅವರು ಒಂದೊಂದು ಕ್ಲೀನರ್ ರಾಸ್ ದಿನಕ್ಕೆ ಎಷ್ಟು ಹುಳ ತಿನ್ನುತ್ತದೆ ಎಂದು ಲೆಕ್ಕ ಹಾಕಿದರು. 1996ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಸರಾಸರಿ ಸುಮಾರು 1,200. ಒಂದು ದಿನಕ್ಕೆ. ಅದಕ್ಕಾಗಿ ಅದು ಎರಡು ಸಾವಿರಕ್ಕೂ ಹೆಚ್ಚು ಸಲ ಮೀನುಗಳ ಮೈ ತಡಕುತ್ತದೆ.

ಈಗ ನಮ್ಮ ಮನೆಯ ಟ್ಯಾಂಕಿಗೆ ಬನ್ನಿ. ಐದಾರು ಮೀನು. ಅಂಗಡಿಯಲ್ಲೇ ಔಷಧಿ ನೀರಿನಲ್ಲಿ ಇಟ್ಟು ಹುಳ ಸಾಯಿಸಿ ತಂದಿರುತ್ತೇವೆ. ಇದು ಏನನ್ನು ತಿನ್ನಬೇಕು?

ನಮ್ಮ ಹಾಸನದ ಕೆ.ಆರ್. ಪುರಂನ ಒಂದು ಮನೆಯಲ್ಲಿ ಇದೇ ಮಾತು ಬಂತು. ಬೇರೆ ಊರಿಂದ ಯಾರೋ ಈ ಮೀನು ತಂದುಕೊಟ್ಟಿದ್ದರು. ಮನೆಯ ಯಜಮಾನಿ ಹೇಳಿದರು: "ಇದಕ್ಕೆ ಏನೂ ಹಾಕೋದೇ ಬೇಡವಂತೆ ಕಣಪ್ಪ, ಬೇರೆ ಮೀನಿನ ಮೈಮೇಲಿರೋದನ್ನೇ ತಿನ್ಕೊಂಡು ಇರುತ್ತಂತೆ, ಅಲ್ವಾ?"

"ಇರೋದು ನಾಲ್ಕು ಮೀನು ಅಮ್ಮ, ಅವುಗಳ ಮೈಮೇಲೆ ಎಷ್ಟು ಅಂತ ಸಿಗುತ್ತೆ?" ಅಂದೆ. ಅವರು ಟ್ಯಾಂಕಿನ ಹತ್ತಿರ ಬಂದು ಬಗ್ಗಿ ನೋಡಿದರು.

ಹತ್ತಿರದಿಂದ ನೋಡಿದರೆ ಯಾರಿಗೂ ತಿಳಿಯುತ್ತದೆ. ಹೊಟ್ಟೆ ಒಳಕ್ಕೆ ಹೋಗಿ ಕೆಳಗಡೆ ಚೂಪಾಗಿತ್ತು. ತಲೆಯ ಹಿಂದೆ ಬೆನ್ನಿನ ಮಾಂಸ ಕರಗಿ ಅಲ್ಲೊಂದು ತಗ್ಗು ಬಿದ್ದಿತ್ತು. ಆದರೂ ಮೀನು ಸುಮ್ಮನೆ ಕೂತಿರಲಿಲ್ಲ. ಟ್ಯಾಂಕಿನ ಒಂದು ಮೂಲೆಯನ್ನು ತನ್ನ ಜಾಗ ಮಾಡಿಕೊಂಡು, ಬಾಲ ಎತ್ತಿ ಇಳಿಸಿ ಅದೇ ಕುಣಿತ ಕುಣಿಯುತ್ತಿತ್ತು. ಯಾವ ಮೀನೂ ಬರುತ್ತಿರಲಿಲ್ಲ. ಅಲ್ಲಿದ್ದ ಟ್ಯಾಂಗ್ ಮೀನು ಇದರ ಕಾಟಕ್ಕೆ ಕಲ್ಲಿನ ಹಿಂದೆ ಸೇರಿಕೊಂಡಿತ್ತು. ಅದರ ಪಕ್ಕೆಯಲ್ಲಿ ಪದೇ ಪದೇ ಕಚ್ಚಿ ಬಿಳಿಚಿದ ಚುಕ್ಕೆಗಳು. ನಾನು ಪೈಪ್ ಸರಿಮಾಡಲು ಕೈ ಇಳಿಸಿದೆ. ತಕ್ಷಣ ಬಂದು ಬೆರಳಿನ ಸಂದಿ, ಉಗುರಿನ ಅಂಚು, ಮೊಣಕೈಯ ಕೂದಲಿನವರೆಗೂ ಒಂದೊಂದಾಗಿ ಹುಡುಕಿತು. ಸಮುದ್ರದಲ್ಲಿ ದೊಡ್ಡ ಮೀನಿಗೆ ಏನು ಮಾಡುತ್ತದೋ ಅದನ್ನೇ ನನ್ನ ಕೈಗೆ ಮಾಡಿತು. ಅಲ್ಲಿ ಅದಕ್ಕೆ ತಿನ್ನಲು ಏನೂ ಇರಲಿಲ್ಲ. ನನಗೆ ತುಂಬಾ ಸಂಕಟವಾಯಿತು.

ಇದು ನನ್ನೊಬ್ಬನ ಅನುಭವವಲ್ಲ. ಅಕ್ವೇರಿಯಂ ಮೀನುಗಳ ವ್ಯಾಪಾರದ ಬಗ್ಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕೇಂದ್ರವೊಂದು 2003ರಲ್ಲಿ ವರದಿ ಪ್ರಕಟಿಸಿತ್ತು. ಟ್ಯಾಂಕಿನಲ್ಲಿ ಸರಿಯಾಗಿ ಬದುಕದಿದ್ದರೂ ಜೋರಾಗಿ ಮಾರಾಟವಾಗುವ ಮೀನುಗಳು ಎಂದು ಅದರಲ್ಲಿ ಎರಡನ್ನು ಹೆಸರಿಸಿದ್ದರು. ಒಂದು ಮ್ಯಾಂಡರಿನ್ ಮೀನು. ಇನ್ನೊಂದು ಇದೇ.

ಸಾಯುವುದು ಒಂದು ಮೀನು ಮಾತ್ರವಾಗಿದ್ದರೆ ಬಹುಶಃ ಪತ್ರಿಕೆಗೆ ಬರೆಯುತ್ತಿರಲಿಲ್ಲ, ಗೊತ್ತಿದ್ದವರಿಗೆ ಬಾಯಲ್ಲೇ ಹೇಳುತ್ತಿದ್ದೆ. ಇದನ್ನು ಕಿತ್ತು ತಂದ ಜಾಗದಲ್ಲಿ ಏನಾಗುತ್ತದೆ ಎನ್ನುವುದು ಇನ್ನೂ ದೊಡ್ಡ ವಿಷಯ. ಅದೇ ಲಿಜರ್ಡ್ ದ್ವೀಪದಲ್ಲಿ ಸಂಶೋಧಕರು ಕೆಲವು ಸಣ್ಣ ಹವಳದ ದಿಬ್ಬಗಳಿಂದ ಕ್ಲೀನರ್ ರಾಸ್‌ಗಳನ್ನು ಎಂಟೂವರೆ ವರ್ಷ ತೆಗೆಯುತ್ತಲೇ ಬಂದರು. ಪಕ್ಕದ ಕೆಲವು ದಿಬ್ಬಗಳನ್ನು ಹಾಗೇ ಬಿಟ್ಟರು. ಆಮೇಲೆ ಹೋಲಿಸಿ ನೋಡಿ 2011ರಲ್ಲಿ ಬರೆದರು. ಕ್ಲೀನರ್ ಇಲ್ಲದ ದಿಬ್ಬಗಳಲ್ಲಿ ನೆಲೆಸಿದ ಮೀನುಗಳ ಸಂಖ್ಯೆ ಶೇ 37ರಷ್ಟು ಕಡಿಮೆಯಿತ್ತು. ಜಾತಿಗಳು ಶೇ 23ರಷ್ಟು ಕಡಿಮೆ. ದೂರದಿಂದ ಬಂದುಹೋಗುವ ಮೀನುಗಳೂ ಕಡಿಮೆಯಾಗಿದ್ದವು. ಬೆರಳುದ್ದದ ಮೀನು ಇಲ್ಲವಾದದ್ದಕ್ಕೆ ಇಷ್ಟು! ನಮ್ಮ ಲಕ್ಷದ್ವೀಪದ ಹವಳ 1998, 2010, 2016ರಲ್ಲಿ ಸಮುದ್ರ ಕಾದು ಬಿಳಿಚಿಕೊಂಡು ಮೊದಲೇ ನೊಂದಿದೆ. ಹೀಗೆ ನೊಂದಿರುವ ದಿಬ್ಬಗಳಿಂದ ಈ ಮೀನನ್ನೂ ಕಿತ್ತರೆ ಅಲ್ಲಿ ಉಳಿದ ಮೀನುಗಳ ಗತಿ ಏನು?

ಒಂದು ಬಂಡೆಯ ಸುತ್ತ ಇರುವುದು ಒಂದು ಸಂಸಾರ. ಒಂದು ಗಂಡು, ಜೊತೆಗೆ ಕೆಲವು ಹೆಣ್ಣು. ಗಂಡು ಇಲ್ಲವಾದರೆ ದೊಡ್ಡ ಹೆಣ್ಣು ಒಂದೆರಡು ಗಂಟೆಯಲ್ಲೇ ಗಂಡಿನಂತೆ ಓಡಾಡಲು ಶುರುಮಾಡುತ್ತದೆ, ಎರಡು ಮೂರು ವಾರದಲ್ಲಿ ನಿಜವಾಗಿಯೇ ಗಂಡಾಗುತ್ತದೆ. ಇದನ್ನು ರಾಸ್ ರಾಬರ್ಟ್‌ಸನ್ ಎಂಬ ವಿಜ್ಞಾನಿ 1972ರಲ್ಲೇ ಬರೆದರು. ಒಂದು ಹೋದರೆ ಸಂಸಾರ ಹೇಗೋ ಸರಿಮಾಡಿಕೊಳ್ಳುತ್ತದೆ. ಬಲೆ ಹಿಡಿದು ಬಂದವರು ಸಿಕ್ಕಿದ್ದನ್ನೆಲ್ಲ ಬಾಚಿಕೊಂಡರೆ ಸರಿಮಾಡಿಕೊಳ್ಳಲು ಯಾರೂ ಉಳಿಯುವುದಿಲ್ಲ.

"ಮೀನಲ್ವಾ ಸಾರ್, ಅದಕ್ಕೇನು ಗೊತ್ತಾಗುತ್ತೆ" ಎನ್ನುವವರಿಗೆ ಇನ್ನೊಂದು ಸಂಗತಿ. ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದಲ್ಲಿ ಮಸಾನೊರಿ ಕೊಹ್ಡಾ ಮತ್ತು ಜೊತೆಯವರು ಈ ಮೀನಿನ ಗಂಟಲ ಕೆಳಗೆ ಹುಳದಂತೆ ಕಾಣುವ ಕಂದು ಗುರುತು ಹಾಕಿ, ಎದುರಿಗೆ ಕನ್ನಡಿ ಇಟ್ಟರು. ಮೀನು ಕನ್ನಡಿಯಲ್ಲಿ ನೋಡಿಕೊಂಡು, ಕೆಳಗಿಳಿದು ಗಂಟಲನ್ನು ಮರಳಿಗೆ ಉಜ್ಜಿತು. ಕನ್ನಡಿ ಇಲ್ಲದಾಗ ಉಜ್ಜಲಿಲ್ಲ. ಇದು 2019ರಲ್ಲಿ ಪ್ರಕಟವಾಯಿತು. ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಗೊತ್ತಾಗುತ್ತದೆಯೇ ಎಂದು ನೋಡಲು ಚಿಂಪಾಂಜಿಗೆ ಮಾಡುವ ಪರೀಕ್ಷೆ ಇದು. ಇದರ ಅರ್ಥವೇನು ಎಂದು ವಿಜ್ಞಾನಿಗಳು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ನನಗಂತೂ ಅದನ್ನು ಓದಿದ ಮೇಲೆ ಗಾಜಿನ ಮೂಲೆಯಲ್ಲಿ ಕುಣಿಯುವ ಮೀನನ್ನು ಮೊದಲಿನಂತೆ ನೋಡಲು ಆಗಿಲ್ಲ.

ಹಾಗಾದರೆ ಏನು ಸಾಕಬಹುದು? ಕ್ಲೌನ್ ಮೀನು ಸಾಕಿ. ಕಿತ್ತಳೆ ಮೈಗೆ ಬಿಳಿ ಪಟ್ಟೆ, ಮಕ್ಕಳಿಗೆಲ್ಲ ಗೊತ್ತಿರುವ ಮೀನು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕೇರಳದ ವಿಳಿಂಜಂ, ತಮಿಳುನಾಡಿನ ಮಂಡಪಂ ಕೇಂದ್ರಗಳಲ್ಲಿ ಇದರ ಮರಿ ಮಾಡಿಸುವುದನ್ನು ಸಾಧಿಸಿದ್ದಾರೆ. ಕೆಲವು ಡ್ಯಾಮ್ಸೆಲ್ ಮೀನುಗಳದ್ದೂ ಆಗಿದೆ. ತೊಟ್ಟಿಯಲ್ಲೇ ಹುಟ್ಟಿದ ಮೀನು ಕಾಳಿನ ಆಹಾರ ತಿನ್ನುತ್ತದೆ, ಟ್ಯಾಂಕಿಗೆ ಹೊಂದಿಕೊಳ್ಳುತ್ತದೆ, ಬಾಳಿಕೆಯೂ ಬರುತ್ತದೆ. ಅಂಗಡಿಯಲ್ಲಿ ಮೀನು ಕೊಳ್ಳುವಾಗ ರೇಟು ಕೇಳುವ ಮೊದಲು, ಇದು ಮರಿ ಮಾಡಿಸಿದ್ದಾ, ಸಮುದ್ರದಿಂದ ಹಿಡಿದದ್ದಾ ಎಂದು ಕೇಳಿ. ನಾಲ್ಕು ಜನ ಕೇಳಿದರೆ ಅಂಗಡಿಯವರೂ ತರಿಸುವಾಗ ಯೋಚನೆ ಮಾಡುತ್ತಾರೆ. ಇಲ್ಲಿನವರು ಗಿರಾಕಿ ಕೇಳಿದ್ದನ್ನೇ ತರಿಸುವುದು. ಗಾಜಿನ ಪಾಚಿಗೆ ಮ್ಯಾಗ್ನೆಟ್ ಬ್ರಶ್ ಸಿಗುತ್ತದೆ, ವಾರಕ್ಕೊಮ್ಮೆ ಐದು ನಿಮಿಷದ ಕೆಲಸ. ಬೆಳಕು ಜಾಸ್ತಿ ಹೊತ್ತು ಉರಿಸದಿದ್ದರೆ, ಆಹಾರ ಜಾಸ್ತಿ ಸುರಿಯದಿದ್ದರೆ ಪಾಚಿಯೇ ಕಡಿಮೆ.

ದಯವಿಟ್ಟು ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ. ಸಣ್ಣದಾದರೂ ಸಾಕು, ಅದೇ ಪುಟದಲ್ಲಿ ಬರಲಿ.

ಲೇಖನ ಓದಿ ಈಗಾಗಲೇ ತಂದಿರುವವರು ಗಾಬರಿಯಾಗಬೇಡಿ, ಅದನ್ನು ಉಳಿಸಲು ಪ್ರಯತ್ನ ಮಾಡಬಹುದು. ಫ್ರೀಜರಿನಲ್ಲಿ ಬರುವ ಮೈಸಿಸ್, ಆರ್ಟೀಮಿಯಾ ಸಿಗಡಿಯನ್ನು ಕರಗಿಸಿ, ಸಣ್ಣಗೆ ಹೆಚ್ಚಿ, ದಿನಕ್ಕೆ ನಾಲ್ಕೈದು ಸಲ ಚೂರು ಚೂರೇ ಹಾಕಿ. ಅದು ನಿಲ್ಲುವ ಮೂಲೆಯಲ್ಲೇ ಪಿಪೆಟ್‌ನಿಂದ ಬಿಡಿ, ಇಲ್ಲದಿದ್ದರೆ ಬೇರೆ ಮೀನುಗಳು ಮೊದಲೇ ಮುಗಿಸುತ್ತವೆ. ಟ್ಯಾಂಕಿಗೆ ಮುಚ್ಚಳ ಇರಲಿ, ಹಾರುವ ಜಾತಿ ಇದು. ಪಾಪ ಅಂದುಕೊಂಡು ಹೇಮಾವತಿಗೋ ಕೆರೆಗೋ ಬಿಡಬೇಡಿ, ಸಿಹಿನೀರಿನಲ್ಲಿ ಬದುಕುವುದಿಲ್ಲ. ಅಂಗಡಿಗೆ ವಾಪಸ್ ಕೊಡುವುದೂ ಬೇಡ. ಹೊಟ್ಟೆ ಇಳಿದ ಮೀನು ಇನ್ನೊಂದು ಸಲ ಪ್ಲಾಸ್ಟಿಕ್ ಕವರಿನಲ್ಲಿ ಪ್ರಯಾಣ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಇಂತಿ,
ಅಕ್ವೇರಿಯಂ ಕೆಲಸದವ, ಹಾಸನ